ಮೂವತ್ತು ಹೆಜ್ಜೆ: ದಾವಣಗೆರೆಯ ಹೂವಿನವಳು ಹಿಮದ ಊರಿನಲ್ಲಿ ನೆಲೆಯಾದ ಪ್ರಕರಣ

ಡಿಸೆಂಬರಿನಲ್ಲಿ ದಾವಣಗೆರೆಯ ಹೂವಿನ ಅಂಗಡಿಯವರು ಬೆಳಗಿನ ಜಾವ ನಾಲ್ಕಕ್ಕೆ ಸೇವಂತಿಗೆ ಚೀಲ ಬಿಚ್ಚುವ ಹೊತ್ತಿಗೆ ಕೆನಡಾದ ವಿನ್ನಿಪೆಗ್‌ನಲ್ಲಿ ಹಿಂದಿನ ದಿನದ ಸಂಜೆ ನಾಲ್ಕೂವರೆ. ಅಲ್ಲಿ ಆಗಲೇ ಹೊತ್ತು ಮುಳುಗುತ್ತಿರುತ್ತದೆ. ಹಾಗಾಗಿ ಈ ಪ್ರಕರಣದ ಮುಖ್ಯ ಮಾತುಕತೆಯೆಲ್ಲ ನಡೆದದ್ದು ಎರಡೂ ಕಡೆ ಕತ್ತಲಿರುವಾಗ. ಇಲ್ಲಿ ಬಲ್ಬಿನ ಕೆಳಗೆ ಅಪ್ಪ, ಅಲ್ಲಿ ಅಡುಗೆಮನೆಯ ಮೇಜಿನ ಮುಂದೆ ಮಗಳು, ನಡುವೆ ಒಂದು ಮೊಬೈಲ್.

ನಾನು ಹೂವಿನ ವ್ಯಾಪಾರಿಯಲ್ಲ. ಇದೇ ಊರಿನಲ್ಲಿ ಬಿ.ಕಾಂ. ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್ ಪಾಠ ಮಾಡಿ ನಿವೃತ್ತನಾದವನು. ಆಕೆ ನನ್ನ ವಿದ್ಯಾರ್ಥಿನಿ. ಅವರಪ್ಪ ನಮ್ಮ ಮನೆಯ ದೇವರಿಗೆ ವರ್ಷಗಳಿಂದ ಹೂ ಕೊಡುತ್ತಿರುವವರು. ‘ಹೆಸರು ಹಾಕಬೇಡಿ ಸರ್’ ಅಂದಿದ್ದಾಳೆ, ಹಾಕುವುದಿಲ್ಲ. ಮೂರು ಚಳಿಗಾಲ ಅವಳು ಹೇಳಿದ್ದನ್ನು, ಅವರಪ್ಪ ಹೇಳಿದ್ದನ್ನು ಒಂದು ಹಳೇ ಲೆಡ್ಜರಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಊರಿನಲ್ಲಿ ಈ ಕಥೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾರೆ: ‘ಚಳಿಗೆ ಹೂವು ನಿಲ್ಲಲಿಲ್ಲ, ಆಮೇಲೆ ಹೆಂಗೋ ಸುಧಾರಿಸಿಕೊಂಡಳು.’ ಎರಡು ಮಾತೂ ಅರ್ಧ ಸುಳ್ಳು. ಹೂವುಗಳಲ್ಲಿ ಹೆಚ್ಚಿನವು ಚಳಿಗೆ ಹಾಳಾಗಲಿಲ್ಲ. ಸುಧಾರಿಸಿದ್ದೂ ‘ಹೆಂಗೋ’ ಅಲ್ಲ.

ಹೋಗುವಾಗ ಕೈಯಲ್ಲಿದ್ದದ್ದು

ಅವರಪ್ಪನ ಅಂಗಡಿ ಅಂದರೆ ಆರಡಿ ಅಗಲದ ಕಟ್ಟೆ, ಮೇಲೊಂದು ತಗಡು. ಹಡಗಲಿ ಕಡೆಯ ಮಲ್ಲಿಗೆ, ಚಿತ್ರದುರ್ಗದ ಕಡೆಯ ಸೇವಂತಿಗೆ, ಸುತ್ತಮುತ್ತಲ ಹಳ್ಳಿಗಳ ಕನಕಾಂಬರ, ಕಾಕಡ, ಸುಗಂಧರಾಜ, ಚೆಂಡುಹೂವು. ವರಮಹಾಲಕ್ಷ್ಮಿಗೆ, ಆಯುಧಪೂಜೆಗೆ ದರ ಮುಗಿಲಿಗೆ ಹೋಗುತ್ತದೆ, ಆಷಾಢದಲ್ಲಿ ಕೇಳುವವರಿಲ್ಲ. ಐದನೇ ಕ್ಲಾಸಿಗೇ ಹುಡುಗಿ ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದಳು, ಕೈ ಕಡೆ ನೋಡದೆ, ಟಿ.ವಿ. ನೋಡುತ್ತಾ. ಒಮ್ಮೆ ನನ್ನ ಕ್ಲಾಸಿನಲ್ಲೇ ಡೆಸ್ಕಿನ ಕೆಳಗೆ ಕನಕಾಂಬರ ಕಟ್ಟುತ್ತಾ ಸಿಕ್ಕಿಬಿದ್ದಳು. ಅರ್ಧ ಕೆ.ಜಿ. ಹೂವಿಗೆ ಎಷ್ಟು ಮಾರು ಬರುತ್ತದೆ, ಮಾರಿಗೆ ಎಷ್ಟು ಬೀಳುತ್ತದೆ ಎಂದು ಕೇಳಿದೆ. ತಡವರಿಸದೆ ಹೇಳಿದಳು. ಬಿಟ್ಟೆ.

ಡಿಗ್ರಿ ಮುಗಿದ ಮೇಲೆ ಕಲ್ಯಾಣ ಮಂಟಪಗಳ ಸ್ಟೇಜ್ ಅಲಂಕಾರಕ್ಕೆ ಇಳಿದಳು. ಮಂಟಪ, ತೋರಣ, ವಧೂವರರ ಹಾರ, ಆರತಕ್ಷತೆಯ ಹಿಂಬದಿ ಪರದೆ. ಬೆಂಗಳೂರಿನಿಂದ ಬರುವ ಅಲಂಕಾರದವರು ಹಸಿರು ಫೋಮಿನ ಇಟ್ಟಿಗೆಗೆ ಹೂ ಚುಚ್ಚಿದರೆ ಇವಳು ಬಾಳೆದಿಂಡಿಗೆ ಚುಚ್ಚುತ್ತಿದ್ದಳು. ದಿಂಡಿನಲ್ಲೇ ನೀರಿರುತ್ತದೆ, ಮಾರನೇ ದಿನ ಎಮ್ಮೆಗೂ ಆಗುತ್ತದೆ.

ಇವಳು ಕಲಿತ ಹೂವಿನ ವಿದ್ಯೆಯಲ್ಲಿ ಹೂವಿಗೆ ದಂಟು ಇರಲಿಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ನಮ್ಮದು ಬಿಡಿ ಹೂವಿನ ವ್ಯಾಪಾರ. ತೊಟ್ಟಿನ ಬುಡಕ್ಕೇ ಕಿತ್ತ ಹೂವು ನೀರು ಕುಡಿಯುವುದಿಲ್ಲ. ಅದರೊಳಗೆ ಇರುವ ನೀರನ್ನು ಹೊರಗೆ ಹೋಗದಂತೆ ಕಾಯುವುದಷ್ಟೇ ನಮ್ಮ ಕೆಲಸ. ಅದಕ್ಕೇ ಒದ್ದೆ ಗೋಣಿತಾಟು, ಬಾಳೆ ಎಲೆ, ಆಗಾಗ ನೀರು ಚಿಮುಕಿಸುವುದು, ಏಪ್ರಿಲ್ ಬಂತೆಂದರೆ ಐಸ್ ಗಡ್ಡೆ. ಮಧ್ಯಾಹ್ನ 39 ಡಿಗ್ರಿ ಮುಟ್ಟುವ ಈ ಊರಿನಲ್ಲಿ ಹೂವಿನವನ ಕಣ್ಣಿಗೆ ಚಳಿ ಅಂದರೆ ದುಡ್ಡು ಕೊಟ್ಟು ತರುವ ಪದಾರ್ಥ. ವಿದೇಶದ ಫ್ಲೋರಲ್ ಡಿಸೈನರ್‌ದು ಉಲ್ಟಾ. ಅವರದು ಉದ್ದ ದಂಟಿನ ಹೂವು. ದಂಟು ಓರೆಯಾಗಿ ಕತ್ತರಿಸಿ, ನೀರಿನೊಳಗೆ ಮುಳುಗುವ ಎಲೆ ಕಿತ್ತು, ಬಕೆಟ್ಟಿನಲ್ಲಿ ನಿಲ್ಲಿಸಿ ಕುಡಿಸುವುದೇ ಅರ್ಧ ವಿದ್ಯೆ.

ಮದುವೆಯಾಯಿತು. ಗಂಡ ಮೆಕ್ಯಾನಿಕಲ್ ಎಂಜಿನಿಯರ್. ವಿನ್ನಿಪೆಗ್‌ನಲ್ಲಿ ಬಸ್ ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ, ಒಂದರಲ್ಲಿ ಅವನಿಗೆ ಕೆಲಸ ಸಿಕ್ಕಿತು. ಇವಳೂ ಹೊರಟಳು.

ಮೊದಲ ಚಳಿಗಾಲ

ವಿನ್ನಿಪೆಗ್ ಕೂಡ ಬಯಲುಸೀಮೆಯೇ. ಬೆಟ್ಟವಿಲ್ಲ, ಸಮುದ್ರ ದೂರ, ತಡೆಯಿಲ್ಲದ ಗಾಳಿ. ನಮ್ಮ ಹರಿಹರದಲ್ಲಿ ಹರಿದ್ರಾ ತುಂಗಭದ್ರೆಯನ್ನು ಸೇರುವ ಹಾಗೆ ಅಲ್ಲಿ ಊರ ನಡುವೆ ಅಸಿನಿಬೋಯ್ನ್ ನದಿ ರೆಡ್ ನದಿಯನ್ನು ಸೇರುತ್ತದೆ. ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಸುಮಾರು 16 ಡಿಗ್ರಿ ಕೆಳಗೆ. ಕೆಟ್ಟ ವಾರಗಳಲ್ಲಿ ಮೈನಸ್ 30 ದಾಟುತ್ತದೆ. ನದಿ ಹೆಪ್ಪುಗಟ್ಟಿದ ಮೇಲೆ ಅದರ ಮೇಲೆಯೇ ದಾರಿ ಮಾಡಿ ಜನ ಸ್ಕೇಟಿಂಗ್ ಮಾಡುತ್ತಾರೆ. ‘ಹೊಳೆ ಮೇಲೆ ನಡಕೊಂಡು ಬಂದೆ, ಹೆಪ್ಪುಗಟ್ಟೈತಿ’ ಎಂದು ಮಗಳು ಹೇಳಿದಾಗ ತಾಯಿ ಕೇಳಿದ್ದು: ‘ಅಷ್ಟು ನೀರಿಗೆ ಹೆಪ್ಪು ಹಾಕಿದ್ಯಾರೇ?’ ಆಮೇಲೆ ಮೂರು ದಿನ ಭಯದಲ್ಲಿ ಸರಿಯಾಗಿ ಊಟ ಮಾಡಲಿಲ್ಲವಂತೆ.

ಅಲ್ಲೊಂದು ದೊಡ್ಡ ದಿನಸಿ ಅಂಗಡಿಯ ಹೂವಿನ ಕೌಂಟರಿನಲ್ಲಿ ಆಕೆಗೆ ಅರೆಕಾಲಿಕ ಕೆಲಸ ಸಿಕ್ಕಿತು. ಕೊಲಂಬಿಯಾ, ಈಕ್ವೆಡಾರ್‌ಗಳಿಂದ ಪೆಟ್ಟಿಗೆಯಲ್ಲಿ ಬಂದ ಗುಲಾಬಿ, ಕಾರ್ನೇಷನ್ ಬಿಚ್ಚುವುದು, ದಂಟು ಕತ್ತರಿಸುವುದು, ಬಕೆಟ್ ತೊಳೆಯುವುದು. ಬಕೆಟ್ ತೊಳೆಯುವುದೇ ಹೆಚ್ಚು. ‘ಡಿಸೈನರ್ ಅಂತ ಬೋರ್ಡು ಹಾಕ್ಕೊಂಡು ಪಾತ್ರೆ ತಿಕ್ತಾ ಇದೀನಿ ಸರ್’ ಎಂದು ನನಗೆ ಸಂದೇಶ ಕಳಿಸಿದ್ದಳು. ಆ ಬಕೆಟ್ಟಿನಲ್ಲೇ ದಂಟಿನ ಹೂವಿನ ವಿದ್ಯೆ ಕಲಿತಳು ಅನ್ನುವುದು ಬೇರೆ ಮಾತು.

ಆ ಜನವರಿಯಲ್ಲಿ ಅಲ್ಲಿನ ಒಂದು ಕನ್ನಡ ಮನೆಯಿಂದ ಸೀಮಂತದ ಆರ್ಡರ್ ಬಂತು. ತನ್ನದೇ ಆದ ಮೊದಲ ಕೆಲಸ. ಮಲ್ಲಿಗೆ ಇಲ್ಲದ ಸೀಮಂತ ಅವಳ ಕಲ್ಪನೆಗೇ ಬರಲಿಲ್ಲ. ಟೊರೊಂಟೊದಿಂದ ಬರುತ್ತಿದ್ದ ಪರಿಚಯದವರ ಕೈಯಲ್ಲಿ ಆರು ಮಾರು ಮಲ್ಲಿಗೆ ತರಿಸಿದಳು. ವಿಮಾನ ನಿಲ್ದಾಣದಿಂದ ಮನೆಗೆ ತರುವಾಗ, ಒಳಗೆ ಹೀಟರ್ ಬಿಸಿ ತಗಲೀತೆಂದು ಹೂವಿನ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟಳು. ಹೊರಗೆ ಮೈನಸ್ 28. ಮನೆಯಲ್ಲಿ ಡಬ್ಬಿ ತೆರೆದಾಗ ಮೊಗ್ಗುಗಳು ಗಾಜಿನ ಮಣಿಗಳ ಹಾಗೆ ಕಟಕಟ ಅನ್ನುತ್ತಿದ್ದವು. ಹತ್ತು ನಿಮಿಷದಲ್ಲಿ ಕರಗಿ ಬೆಂದ ಈರುಳ್ಳಿಯಂತೆ ಜೋತುಬಿದ್ದವು.

ತಪ್ಪು ಅವಳದೇ, ಮತ್ತು ಅದು ದಾವಣಗೆರೆಯ ತಪ್ಪು. ಹೂವಿಗೆ ಬಿಸಿ ಶತ್ರು, ತಂಪು ಮಿತ್ರ ಎಂದು ಇಪ್ಪತ್ತು ವರ್ಷ ಕಲಿತ ಕೈ ಅದು. ಅದೇ ತಿಂಗಳು ಇನ್ನೊಂದು ಮಾಡಿದಳು: ‘ಊರೇ ಫ್ರಿಜ್ ಆಗಿರುವಾಗ ಫ್ರಿಜ್ ಯಾಕೆ ಬೇಕು’ ಎಂದುಕೊಂಡು ಎರಡು ಬಕೆಟ್ ಕಾರ್ನೇಷನ್ನನ್ನು ರಾತ್ರಿ ಗ್ಯಾರೇಜಿನಲ್ಲಿಟ್ಟಳು. ಬೆಳಗ್ಗೆ ನೀರು ಗಡ್ಡೆ ಕಟ್ಟಿ, ಬಕೆಟ್ಟು ಸೀಳಿತ್ತು. ಗುಲಾಬಿ, ಕಾರ್ನೇಷನ್, ಸೇವಂತಿಗೆ ಸೊನ್ನೆಯಿಂದ ಎರಡು ಡಿಗ್ರಿಯೊಳಗೆ ಚೆನ್ನಾಗಿ ಬಾಳುತ್ತವೆ. ಸೊನ್ನೆಗಿಂತ ಸ್ವಲ್ಪ ಕೆಳಗಿಳಿದರೆ ಸತ್ತವು. ಬದುಕಿಗೂ ಸಾವಿಗೂ ನಡುವೆ ಮೂರು ಡಿಗ್ರಿ ಕೂಡ ಇಲ್ಲ. ಆಂಥೂರಿಯಂ, ಆರ್ಕಿಡ್‌ನಂಥ ಬಿಸಿನಾಡಿನ ಹೂವುಗಳಿಗಂತೂ ಹತ್ತು ಡಿಗ್ರಿಯೇ ಪೆಟ್ಟು.

ಇಷ್ಟು ಊರಿನವರಿಗೆ ಗೊತ್ತಿರುವ ಕಥೆ. ‘ಚಳಿಗೆ ಹೂವು ನಿಲ್ಲಲಿಲ್ಲ’ ಅನ್ನುವುದು ಇದನ್ನೇ. ಆದರೆ ಲೆಡ್ಜರ್ ನೋಡಿದರೆ ಹೀಗೆ ಹೆಪ್ಪುಗಟ್ಟಿ ಹೋದದ್ದು ಎರಡೇ ಸಲ. ಮೊದಲ ಚಳಿಗಾಲದ ಉಳಿದ ನಷ್ಟವೆಲ್ಲ ಬೇರೆ ಥರದ್ದು. ಎಚ್ಚರಿಕೆಯಿಂದ, ಬೆಚ್ಚಗಿನ ಕಾರಿನಲ್ಲಿ ತಂದು, ಬೆಚ್ಚಗಿನ ಮನೆಯಲ್ಲಿಟ್ಟು ಕಟ್ಟಿದ ಹಾರ ಮಾರನೇ ದಿನಕ್ಕೆ ಬಾಡಿರುತ್ತಿತ್ತು. ಮೂರು ಆರ್ಡರ್ ಹೀಗೆ ಕೆಟ್ಟವು. ಅವಳು ಇನ್ನಷ್ಟು ಬೆಚ್ಚಗಿಟ್ಟಳು, ಹೀಟರಿನ ಗಾಳಿ ಬರುವ ಜಾಲರಿಯ ಪಕ್ಕಕ್ಕೇ ಮೇಜು ಎಳೆದಳು. ಇನ್ನೂ ಬೇಗ ಬಾಡಿದವು.

ಫೆಬ್ರವರಿಯಲ್ಲಿ ಕೈಬಿಟ್ಟಳು. ಐದಾರು ವಾರ ಒಂದು ಹೂವನ್ನೂ ಕಟ್ಟಲಿಲ್ಲ. ಬೆಳಕು ದಿನಕ್ಕೆ ಒಂಬತ್ತು ಹತ್ತು ಗಂಟೆ, ಕೆಲಸ ಬಿಟ್ಟರೆ ನಿದ್ದೆ. ಆ ದಿನಗಳ ಬಗ್ಗೆ ಹೆಚ್ಚು ಕೇಳಿದರೆ ಈಗಲೂ ಮಾತು ತಿರುಗಿಸುತ್ತಾಳೆ.

ಅಪ್ಪ ಹಿಡಿದ ಕಾಯಿಲೆ

ತಿರುವು ಸಿಕ್ಕಿದ್ದು ಮಾರ್ಚಿನಲ್ಲಿ, ಯುಗಾದಿಯ ಹಿಂದಿನ ದಿನ. ಆ ದಿನ ನಾನು ಅಂಗಡಿಯ ಕಟ್ಟೆ ಮೇಲೆ ಕೂತಿದ್ದೆ, ಹಾಗಾಗಿ ಇದು ಕೇಳಿದ ಮಾತಲ್ಲ. ಮಗಳು ವಿಡಿಯೋದಲ್ಲಿ ಬಾಡಿದ ಸೇವಂತಿಗೆಯೊಂದನ್ನು ಹಿಡಿದು ತೋರಿಸುತ್ತಿದ್ದಳು, ‘ನೋಡಪ್ಪ, ಚಳಿಗೆ ಹೆಂಗಾಗೇತಿ’ ಅಂತ. ಅವರಪ್ಪ ಕನ್ನಡಕ ಮೇಲೆತ್ತಿ, ಮೊಬೈಲ್ ಮೂಗಿನ ಹತ್ತಿರ ತಂದು ನೋಡಿದರು.

‘ಇದು ಚಳಿಗೆ ಹೋಗಿದ್ದಲ್ಲ ತಾಯಿ. ಬಿಸಲಿಗೆ ಹೋಗಿದ್ದು.’

‘ಬಿಸಲೆಲ್ಲೈತಪ್ಪ ಇಲ್ಲಿ?’

‘ಎಲ್ಲೈತೋ ನನಗೇನು ಗೊತ್ತು. ಹೂವಿನ ಮ್ಯಾಲೆ ಐತಲ್ಲ.’

ಅವರು ನೋಡಿದ್ದು ಏನೆಂದರೆ, ಹೆಪ್ಪುಗಟ್ಟಿದ ಹೂವಿನ ಎಸಳು ನೀರು ನೀರಾಗಿ, ಪಾರದರ್ಶಕವಾಗಿ ಸಾಯುತ್ತದೆ. ಒಳಗಿನ ನೀರು ಮಂಜುಗಡ್ಡೆಯ ಹರಳಾಗಿ ಜೀವಕೋಶವನ್ನು ಸೀಳಿರುತ್ತದೆ, ಕರಗಿದಾಗ ಸೋರುತ್ತದೆ. ಮಗಳ ಕೈಯಲ್ಲಿದ್ದ ಹೂವಿನ ಎಸಳು ಹಾಗಿರಲಿಲ್ಲ. ಅಂಚು ಒಳಕ್ಕೆ ಸುರುಳಿ ಸುತ್ತಿ, ಕಾಗದದಂತೆ ಸರಸರ ಅನ್ನುತ್ತಿತ್ತು, ಬಣ್ಣ ಮಾತ್ರ ಹಾಗೇ ಇತ್ತು. ಮಧ್ಯಾಹ್ನ ಎರಡು ಗಂಟೆಗೆ ಗೋಣಿ ಮುಚ್ಚಲು ಮರೆತ ಬುಟ್ಟಿಯ ಮೇಲಿನ ಪದರದ ಹೂವು ಹೀಗೇ ಆಗುತ್ತದೆ. ನಲವತ್ತು ವರ್ಷ ಅದನ್ನು ನೋಡಿದ ಕಣ್ಣು.

ಮಗಳು ಮಾರನೇ ದಿನವೇ ತೇವಾಂಶ ಅಳೆಯುವ ಪುಟ್ಟ ಗಡಿಯಾರದಂಥ ಸಾಧನ ತಂದು ಮೇಜಿನ ಮೇಲಿಟ್ಟಳು. ಶೇಕಡ 18. ಏಪ್ರಿಲ್ ಮಧ್ಯಾಹ್ನದ ದಾವಣಗೆರೆಯ ಗಾಳಿ ಅದು, ಹಿಮದ ಊರಿನ ಮನೆಯೊಳಗೆ.

ಇದರ ಹಿಂದಿನ ಲೆಕ್ಕ ಸರಳ. ಮೈನಸ್ 30ರ ಗಾಳಿ ಒಂದು ಘನ ಮೀಟರಿಗೆ ಅರ್ಧ ಗ್ರಾಂ ನೀರಾವಿಯನ್ನೂ ಹಿಡಿದುಕೊಳ್ಳಲಾರದು. ಅದೇ ಗಾಳಿ ಮನೆಯೊಳಗೆ ಬಂದು 21 ಡಿಗ್ರಿಗೆ ಬಿಸಿಯಾದರೆ 18 ಗ್ರಾಂ ಹಿಡಿಯುವಷ್ಟು ಹಸಿದಿರುತ್ತದೆ. ನೀರು ಎಲ್ಲಿ ಸಿಕ್ಕರೂ ಎಳೆಯುತ್ತದೆ: ತುಟಿಯಿಂದ, ಮರದ ಮೇಜಿನಿಂದ, ಹೂವಿನಿಂದ. ಹಿಮ ರಾಶಿ ಬಿದ್ದಿರುವ ಊರಿನಲ್ಲಿ ಹೂವು ಬಾಯಾರಿ ಸಾಯುತ್ತಿತ್ತು. ಬೆಚ್ಚಗಿಟ್ಟಷ್ಟೂ ಬೇಗ.

ಅಲ್ಲಿಂದ ಮುಂದೆ ಕೆಲಸ ಸುಲಭ, ಯಾಕೆಂದರೆ ಒಣ ಗಾಳಿಯಿಂದ ಹೂ ಕಾಯುವುದು ಅವಳಿಗೆ ಗೊತ್ತಿದ್ದ ವಿದ್ಯೆ. ಗೋಣಿತಾಟಿನ ಬದಲು ಒದ್ದೆ ಟವೆಲ್. ಬಾಳೆ ಎಲೆಯ ಬದಲು ಒದ್ದೆ ಸುದ್ದಿಪತ್ರಿಕೆ ಹಾಸಿದ ರಟ್ಟಿನ ಪೆಟ್ಟಿಗೆ. ಕಟ್ಟುವ ಕೋಣೆಗೆ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಬಿಡುವ ಯಂತ್ರ. ಅದು ಬರುವವರೆಗೆ ಮುಗಿದ ಹಾರಗಳು ರಾತ್ರಿ ಬಚ್ಚಲುಮನೆಯಲ್ಲಿ ನೇತಾಡುತ್ತಿದ್ದವು. ಮನೆಯಲ್ಲಿ ಹೆಚ್ಚು ತೇವ ಇದ್ದದ್ದು ಅಲ್ಲಿಯೇ. ಗಂಡ ಸ್ನಾನಕ್ಕೆ ಹೋಗುವ ಮೊದಲು ಹಾರಗಳನ್ನು ಎಣಿಸಿ ತೆಗೆಯಬೇಕು, ಆಮೇಲೆ ಎಣಿಸಿ ಹಾಕಬೇಕು. ಸೆಕೆಂಡ್ ಹ್ಯಾಂಡ್ ಫ್ರಿಜ್ ಒಂದನ್ನು ಹೂವಿಗೇ ಎಂದು ತೆಗೆದುಕೊಂಡಳು. ಒಮ್ಮೆ ಆತ ಅದರಲ್ಲಿ ಸೇಬು ಇಟ್ಟ. ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್‌ಗಳೆಲ್ಲ ನಿದ್ದೆ ಹೋದವರಂತೆ ಮುದುಡಿಕೊಂಡವು. ಹೂವು, ಬಾಳೆಹಣ್ಣು ಒಂದೇ ಪೂಜೆ ಚೀಲದಲ್ಲಿ ಹಾಕಿಸಿಕೊಳ್ಳುವ ನಮ್ಮ ಅಭ್ಯಾಸದ ಬಗ್ಗೆ ನಾನು ಅಂದಿನಿಂದ ಸ್ವಲ್ಪ ಎಚ್ಚರ.

ಉಳಿದದ್ದು ನಿಜವಾದ ಚಳಿಯ ಪ್ರಶ್ನೆ, ಅಂದರೆ ಬಾಗಿಲಿನಿಂದ ಕಾರಿಗೆ, ಕಾರಿನಿಂದ ಬಾಗಿಲಿಗೆ. ಎಣಿಸಿದ್ದಾಳೆ, ಅವಳ ಮನೆಯಿಂದ ಕಾರು ನಿಲ್ಲಿಸುವ ಜಾಗಕ್ಕೆ ಮೂವತ್ತು ಹೆಜ್ಜೆ. ಅಲ್ಲಿಯ ಹೂವಿನವರ ಪದ್ಧತಿಯೇ ಇದಕ್ಕೆ ಉತ್ತರ: ಕಾರನ್ನು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿರಬೇಕು, ಹೂವಿನ ಸುತ್ತ ಕಾಗದ ಎರಡು ಮೂರು ಸುತ್ತು ಸಡಿಲವಾಗಿ ಸುತ್ತಿ ಒಳಗೆ ಗಾಳಿ ನಿಲ್ಲುವಂತೆ ತಲೆಯನ್ನೂ ಮುಚ್ಚಿ ಪಿನ್ನು ಹೊಡೆಯಬೇಕು, ಡಿಕ್ಕಿಯಲ್ಲಿ ಇಡಲೇಬಾರದು. ಫೆಬ್ರವರಿ 14ರ ಪ್ರೇಮಿಗಳ ದಿನ ಅಲ್ಲಿ ಹೂವಿನ ಅತಿ ದೊಡ್ಡ ವ್ಯಾಪಾರಗಳಲ್ಲಿ ಒಂದು, ಅದು ಬರುವುದೋ ಚಳಿಯ ನಡು ಹೊಟ್ಟೆಯಲ್ಲಿ. ಎರಡನೇ ವರ್ಷ ಆ ದಿನ ಕೌಂಟರಿನಲ್ಲಿ ಗುಲಾಬಿ ಸುತ್ತಿ ಸುತ್ತಿ ಕೈ ಬಾತಿತ್ತು. ಅವರಪ್ಪ ಫೋನಿನಲ್ಲಿ, ‘ಅಷ್ಟು ಚಂದದ ಹೂವಿಗೆ ಮುಸುಕು ಹಾಕಿ ಕೊಟ್ರೆ ಯಾರಾದರೂ ತಗೊಳ್ತಾರಾ?’ ಎಂದು ಕೇಳುತ್ತಿದ್ದರು.

ಗಂಟಿಗೆ ಎಷ್ಟು

ಇಲ್ಲಿಂದ ನನ್ನ ವಿಷಯ ಶುರು. ಹೂವು ಉಳಿಯಿತು, ಲಾಭ ಉಳಿಯಲಿಲ್ಲ.

ದಾವಣಗೆರೆಯಲ್ಲಿ ಒಂದು ಮಾರು ಹೂವಿನ ಬೆಲೆಯಲ್ಲಿ ಹೂವಿನದೇ ಸಿಂಹಪಾಲು. ಕಟ್ಟುವ ಹೆಂಗಸರಿಗೆ ಮಾರಿನ ಲೆಕ್ಕದಲ್ಲಿ ಪುಡಿಗಾಸು. ಮನೆಯ ಜಗಲಿಯಲ್ಲಿ ಕೂತು, ಮಗುವನ್ನು ಕಾಲಿನಲ್ಲಿ ಆಡಿಸುತ್ತಾ ಕಟ್ಟುವ ಆ ಗಂಟೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಷ್ಟು ವರ್ಷ ಕಾಸ್ಟ್ ಅಕೌಂಟಿಂಗ್ ಪಾಠ ಮಾಡಿದ ನಾನೂ ಹಿಡಿದಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ವಿನ್ನಿಪೆಗ್‌ನಲ್ಲಿ ಕೂಲಿ ಗಂಟೆಯ ಲೆಕ್ಕ. ಒಂದು ಜೊತೆ ಮದುವೆ ಹಾರಕ್ಕೆ ಅವಳಿಗೆ ಐದು ಗಂಟೆ ಬೇಕು. ಆ ಐದು ಗಂಟೆ ದಿನಸಿ ಅಂಗಡಿಯಲ್ಲಿ ಬಕೆಟ್ ತೊಳೆದಿದ್ದರೆ ಬರುತ್ತಿದ್ದ ಸಂಬಳವನ್ನಷ್ಟೇ ಹಾಕಿದರೂ, ಹಾರದ ಬೆಲೆ ಊರಿನವರಿಗೆ ತಲೆ ತಿರುಗುವಷ್ಟಾಗುತ್ತದೆ. ‘ಹಾರಕ್ಕೆ ಅಷ್ಟಾ? ನಮ್ಮೂರಲ್ಲಿ...’ ಎಂದು ಶುರುಮಾಡುವವರು ಕನ್ನಡದವರೇ. ಅವರಿಗೆ ನಮ್ಮೂರಿನ ದರ ನೆನಪಿದೆ, ಆ ದರದಲ್ಲಿ ಯಾರ ಗಂಟೆಗಳು ಸೇರಿಲ್ಲ ಎಂಬುದು ನೆನಪಿಲ್ಲ.

ಮೊದಲ ವರ್ಷ ಅವಳು ತನ್ನ ಸಮಯಕ್ಕೆ ಸೊನ್ನೆ ಹಾಕಿ ಮಾರಿದಳು. ನಾನು ಬೈದೆ. ‘ಪಾಠ ಮಾಡಿದ್ದು ನೀರಿನಲ್ಲಿ ಹೋಮ ಆಯ್ತಲ್ಲ’ ಅಂದೆ. ಎರಡನೇ ವರ್ಷ ಗಂಟೆ ಸೇರಿಸಿ ಬೆಲೆ ಹೇಳಿದಳು, ಆರ್ಡರ್ ಕಡಿಮೆಯಾದವು.

ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಅವಳ ಜೊತೆ ಕೆಲಸ ಮಾಡುವ ಫಿಲಿಪ್ಪೀನ್ಸ್ ಮೂಲದ ಹೆಂಗಸೊಬ್ಬರು, ಊಟದ ಬಿಡುವಿನಲ್ಲಿ ಇವಳು ಮುರಿದ ಕಾರ್ನೇಷನ್‌ಗಳನ್ನು ದಾರದಲ್ಲಿ ಕಟ್ಟುತ್ತಿದ್ದದ್ದನ್ನು ನೋಡಿ ನಿಂತರು. ವಿನ್ನಿಪೆಗ್‌ನಲ್ಲಿ ಫಿಲಿಪ್ಪೀನ್ಸ್‌ನವರು ಬಹಳ. ಅವರ ರಾಷ್ಟ್ರೀಯ ಹೂವು ‘ಸಂಪಗೀತ’. ಹೆಸರು ಕೇಳಿದರೆ ಸಂಪಿಗೆ ಅನ್ನಿಸುತ್ತದೆ, ಆದರೆ ಅದು ನಮ್ಮ ದುಂಡುಮಲ್ಲಿಗೆಯ ಜಾತಿಯದೇ. ಅದನ್ನು ಪೋಣಿಸಿ ಹಾರ ಮಾಡುವುದು, ಚರ್ಚಿನ ಬಾಗಿಲಲ್ಲಿ ಮಾರುವುದು ಅಲ್ಲಿಯೂ ಉಂಟು. ಆ ಹೆಂಗಸಿನ ಅಜ್ಜಿ ಸೂಜಿಯಲ್ಲಿ ಪೋಣಿಸುತ್ತಿದ್ದರಂತೆ. ಇವಳು ಸೂಜಿಯಿಲ್ಲದೆ, ಎರಡು ಬೆರಳಿನ ನಡುವೆ ಗಂಟು ಹಾಕುವುದನ್ನು ನೋಡಿ ‘ನನಗೆ ಕಲಿಸು’ ಅಂದರು.

ಕಲಿಸಿದಳು. ಅವರು ಇನ್ನಿಬ್ಬರನ್ನು ಕರೆತಂದರು. ಆ ಎರಡನೇ ಚಳಿಗಾಲದ ಜನವರಿಯಲ್ಲಿ ಸಮುದಾಯ ಭವನದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಶನಿವಾರ ಮಧ್ಯಾಹ್ನದ ಎರಡು ಗಂಟೆಯ ಕ್ಲಾಸ್ ಮಾಡಿದಳು. ಎಂಟು ಜನ ಬಂದರು. ಅವರಲ್ಲಿ ಇಬ್ಬರು ಉಕ್ರೇನ್ ಮೂಲದವರು. ಆ ಊರಿನಲ್ಲಿ ನೂರು ವರ್ಷಕ್ಕೂ ಹಿಂದೆ ಬಂದು ನೆಲೆಸಿದ ಉಕ್ರೇನಿನವರ ಕುಟುಂಬಗಳು ಸಾಕಷ್ಟಿವೆ. ಅವರ ಹೆಣ್ಣುಮಕ್ಕಳು ಹಬ್ಬಕ್ಕೆ ತಲೆಗೆ ಸುತ್ತುವ ಹೂವಿನ ಸಿಂಬೆಗೆ ‘ವಿನೋಕ್’ ಅನ್ನುತ್ತಾರೆ. ನಮ್ಮ ದಂಡೆಯ ದೊಡ್ಡಕ್ಕ ಅನ್ನಬಹುದು. ಅವರು ತಂತಿಯಲ್ಲಿ ಕಟ್ಟುತ್ತಿದ್ದದ್ದನ್ನು ಈಗ ದಾರದಲ್ಲಿ ಕಟ್ಟುತ್ತಾರೆ.

ಲೆಕ್ಕದ ಭಾಷೆಯಲ್ಲಿ ಆದದ್ದು ಇಷ್ಟು: ಐದು ಗಂಟೆಯ ಹಾರಕ್ಕೆ ಒಬ್ಬರೇ ಗಿರಾಕಿ, ಎರಡು ಗಂಟೆಯ ಕ್ಲಾಸಿಗೆ ಎಂಟು ಜನ. ಹಿಮ ಬಿದ್ದಿರುವಾಗ ಅಲ್ಲಿ ಮದುವೆಗಳು ಕಡಿಮೆ, ಬಿಡುವಿನ ಜನ ಹೆಚ್ಚು. ಹೂವು ಗಿರಾಕಿಯ ಕೈಯಲ್ಲೇ ಕಟ್ಟಿಸಿಕೊಂಡು ಮನೆಗೆ ಹೋಗುತ್ತದೆ. ಮೂವತ್ತು ಹೆಜ್ಜೆಯ ಜವಾಬ್ದಾರಿ ಅವರದು. ಕಚ್ಚಾ ಸಾಮಗ್ರಿಯೂ ಅಗ್ಗ: ಅಲ್ಲಿನ ಹೂವಿನವರು ‘ಸೂಪರ್‌ಮಾರ್ಕೆಟ್ ಹೂವು’ ಎಂದು ಮೂಗು ಮುರಿಯುವ ಸಣ್ಣ ಸೇವಂತಿಗೆ. ಚಳಿ ತಡೆಯುತ್ತದೆ, ವರ್ಷವಿಡೀ ಸಿಗುತ್ತದೆ, ದಾರದಲ್ಲಿ ನಿಲ್ಲುತ್ತದೆ. ಚಿತ್ರದುರ್ಗದ ಚೀಲದಲ್ಲಿ ಬರುತ್ತಿದ್ದ ಅದೇ ಹೂವು. ಮಲ್ಲಿಗೆಯನ್ನು ಆಕೆ ಈಗ ಆರ್ಡರ್ ಪಟ್ಟಿಯಿಂದಲೇ ತೆಗೆದುಹಾಕಿದ್ದಾಳೆ, ಎಷ್ಟು ಕೊಡುತ್ತೇನೆಂದರೂ ಇಲ್ಲ. ತೋರಣಕ್ಕೆ ಮಾವಿನೆಲೆಯ ಬದಲು ಸಲಾಲ್ ಎಂಬ ದಪ್ಪ ಎಲೆ, ಪೆಸಿಫಿಕ್ ತೀರದ ಕಾಡಿನಿಂದ ಬರುವುದು. ‘ಬೇವು ಬೆಲ್ಲದಲ್ಲಿ ಬೇವೊಂದು ಸಿಕ್ಕಿಲ್ಲ ಸರ್’ ಅಂತಾಳೆ.

ನನಗೆ ಒಂದು ಅಸಮಾಧಾನ ಉಳಿದಿದೆ, ಅವಳಿಗೂ ಹೇಳಿದ್ದೇನೆ. ಅಲ್ಲಿ ಗಂಟು ಕಲಿಸಿ ಗಂಟೆಗೆ ಸಂಪಾದಿಸುವ ಅದೇ ವಿದ್ಯೆಯನ್ನು ಅವಳಿಗೆ ಕಲಿಸಿದ ಚಿಕ್ಕಮ್ಮ ಇಂದಿಗೂ ಇಲ್ಲಿ ಮಾರಿನ ಲೆಕ್ಕಕ್ಕೆ ಕಟ್ಟುತ್ತಾಳೆ. ಹುಡುಗಿ ಸುಮ್ಮನಿದ್ದು, ‘ನೀವು ಅಪ್ಪನಿಗೆ ಹೇಳಿ ಸರ್, ನಾನು ಹೇಳಿದ್ರೆ ಕೇಳಲ್ಲ’ ಅಂದಳು. ಹೇಳಿದೆ. ಅವರು ಚಹಾ ತರಿಸಿದರು.

ಏಪ್ರಿಲಿನಲ್ಲಿ ಬಂದದ್ದು

ಎರಡನೇ ಚಳಿಗಾಲ ಮುಗಿದ ಮೇಲೆ ತಂಗಿಯ ಮದುವೆಗೆ ಬಂದಳು. ಮಂಟಪ ಅವಳದೇ ಎಂದು ಮೊದಲೇ ಮಾತಾಗಿತ್ತು. ಬಸ್ಸಿಳಿದು ಬೆಣ್ಣೆದೋಸೆ ತಿಂದವಳೇ ಅಪ್ಪನ ಅಂಗಡಿಯ ಬಕೆಟ್‌ಗಳನ್ನೆಲ್ಲ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಲು ಕೂತಳು. ಬಕೆಟ್ಟಿನ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ ದಂಟಿನ ನಾಳವನ್ನು ಮುಚ್ಚುತ್ತದೆ, ಹೂವು ನೀರಿನಲ್ಲಿ ನಿಂತೇ ಬಾಯಾರುತ್ತದೆ. ಬೆಂಗಳೂರಿನಿಂದ ಬಂದ ಗುಲಾಬಿ, ಜರ್ಬೆರಾಗಳನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ರಾತ್ರಿಯಿಡೀ ಕುಡಿಯಲು ಬಿಟ್ಟಳು. ಅವರಪ್ಪ, ‘ಮದುವೆ ಮನೀಗೆ ಬಂದೋರಿಗೇ ಇಷ್ಟು ಉಪಚಾರ ಇಲ್ಲ’ ಅಂದರು. ಮರುದಿನ ಸಂಜೆಯ ಆರತಕ್ಷತೆಗೂ ಗುಲಾಬಿ ತಲೆ ಎತ್ತಿಯೇ ಇತ್ತು. ಅವರೇನೂ ಹೇಳಲಿಲ್ಲ, ಅಂದಿನಿಂದ ವಾರಕ್ಕೊಮ್ಮೆ ಬಕೆಟ್ ತಿಕ್ಕುತ್ತಾರೆ, ನಾನು ನೋಡಿದ್ದೇನೆ.

ಐಸ್ ಗಡ್ಡೆ ತಂದ ಹುಡುಗನಿಗೆ ಅವರು ದುಡ್ಡು ಎಣಿಸುವಾಗ ಅವಳು ನಕ್ಕಳು. ಮನೆ ಮುಂದಿನ ಹಿಮ ಎತ್ತಿ ಹಾಕಲು ಅಲ್ಲಿ ಅವರು ಪಕ್ಕದ ಮನೆಯ ಹುಡುಗನಿಗೆ ದುಡ್ಡು ಕೊಡುತ್ತಾರಂತೆ.

ಹಿಂತಿರುಗುವ ಮುಂಚೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು: ನೇರಳೆ ಬಣ್ಣದ ಪುಟ್ಟ ಹೂವು, ಮೈತುಂಬ ಬಿಳಿ ರೋಮ, ಪಕ್ಕದಲ್ಲಿ ಇನ್ನೂ ಕರಗದ ಹಿಮ. ಪ್ರೇರಿ ಕ್ರೋಕಸ್. ವಿನ್ನಿಪೆಗ್ ಇರುವ ಮ್ಯಾನಿಟೋಬ ಪ್ರಾಂತ್ಯದ ಅಧಿಕೃತ ಹೂವು, 1906ರಿಂದ. ಅವರಪ್ಪ ತುಂಬ ಹೊತ್ತು ನೋಡಿ, ‘ಸ್ವೆಟರ್ ಹಾಕ್ಕೊಂಡೇ ಹುಟ್ಟೈತಲ್ಲ’ ಅಂದರು. ಕಟ್ಟಲಿಕ್ಕೆ ಬರುತ್ತದಾ ಎಂದೂ ಕೇಳಿದರು.

ಗೆಡ್ಡೆ

ಆ ಬೇಸಿಗೆಯಲ್ಲಿ ಅವಳು ಊರಿನ ಸಾಮೂಹಿಕ ತೋಟದಲ್ಲಿ ಒಂದು ತುಂಡು ನೆಲ ಬಾಡಿಗೆಗೆ ಹಿಡಿದಳು. ಅಲ್ಲಿ ಮೇ ತಿಂಗಳ ಕೊನೆಯವರೆಗೂ ಇಬ್ಬನಿ ಹೆಪ್ಪುಗಟ್ಟುವ ಭಯ, ಸೆಪ್ಟೆಂಬರಿನಲ್ಲಿ ಮತ್ತೆ ಶುರು. ನಡುವೆ ಸಿಗುವುದು ನಾಲ್ಕು ತಿಂಗಳು, ಆದರೆ ಜೂನಿನಲ್ಲಿ ಹಗಲು ಹದಿನಾರು ಗಂಟೆ. ಗಿಡ ಓಡೋಡಿ ಬೆಳೆಯುತ್ತದೆ. ಚೆಂಡುಹೂವು ಹಾಕಿದಳು, ಹುಚ್ಚೆದ್ದು ಬಂತು. ವರಮಹಾಲಕ್ಷ್ಮಿಗೆ ಕನ್ನಡದವರ ಮನೆಗಳಿಗೆಲ್ಲ ಅದೇ. ಡೇಲಿಯಾ ಹಾಕಿದಳು, ಮೊದಲ ಹೆಪ್ಪಿಗೆ ಎಲೆ ಕಪ್ಪಾದ ಮೇಲೆ ಗೆಡ್ಡೆ ಅಗೆದು ನೆಲಮಾಳಿಗೆಯ ತಂಪಿನಲ್ಲಿ ಮಲಗಿಸಬೇಕು, ಬಿಟ್ಟರೆ ಕೊಳೆಯುತ್ತದೆ.

ಸೆಪ್ಟೆಂಬರಿನಲ್ಲಿ ಆರು ಪಿಯೋನಿ ಗೆಡ್ಡೆ ನೆಟ್ಟಳು. ಡೇಲಿಯಾದ ಹಾಗಲ್ಲ ಇದು, ನೆಲದಲ್ಲೇ ಬಿಡಬೇಕು. ಪಿಯೋನಿಗೆ ಗಟ್ಟಿ ಚಳಿ ಬೇಕು. ಗೆಡ್ಡೆ ತಿಂಗಳುಗಟ್ಟಲೆ ತಣ್ಣಗೆ ಮಲಗದಿದ್ದರೆ ಹೂವೇ ಬಿಡುವುದಿಲ್ಲ. ದಾವಣಗೆರೆಯಲ್ಲಿ ಎಷ್ಟು ಗೊಬ್ಬರ ಹಾಕಿದರೂ ಅದು ಅರಳದು. ಗೆಡ್ಡೆಯ ಕಣ್ಣುಗಳ, ಅಂದರೆ ಮೊಳಕೆ ಒಡೆಯುವ ಜಾಗಗಳ ಮೇಲೆ ಎರಡು ಅಂಗುಲಕ್ಕಿಂತ ಹೆಚ್ಚು ಮಣ್ಣು ಇರಬಾರದು, ಮತ್ತು ನೆಟ್ಟವರು ಕಾಯಬೇಕು: ಮೊದಲೆರಡು ವರ್ಷ ಏನೂ ಇಲ್ಲ, ಇಲ್ಲವೇ ಒಂದೆರಡು ಹೂವು, ಮೂರನೇ ಜೂನಿನಿಂದ ಬೆಳೆ. ‘ಅಷ್ಟು ದಿನ ಅಲ್ಲೇ ಇರ್ತೀಯೇನು?’ ಎಂದು ಅವರಮ್ಮ ಕೇಳಿದರು. ಗೆಡ್ಡೆಗೆ ದುಡ್ಡು ಕೊಟ್ಟಾಗಿದೆ ಎಂದಳು.

ಇದು ಮೂರನೇ ಚಳಿಗಾಲ. ಶನಿವಾರದ ಕ್ಲಾಸು ನಡೆಯುತ್ತಿದೆ. ದಿನಸಿ ಅಂಗಡಿಯ ಕೆಲಸ ಇನ್ನೂ ಬಿಟ್ಟಿಲ್ಲ, ಬಿಡಬೇಡ ಎಂದು ನಾನೇ ಹೇಳಿದ್ದೇನೆ. ಕ್ಲಾಸಿನ ಹಣ ಬಾಡಿಗೆ, ಹೂವು ಕಳೆದು ಉಳಿಯುತ್ತದೆ, ಆದರೆ ಅದು ಚಳಿಗಾಲದ ಆದಾಯ. ಬೇಸಿಗೆಯಲ್ಲಿ ಯಾರೂ ಕೋಣೆಯೊಳಗೆ ಕೂರುವುದಿಲ್ಲ. ಪಿಯೋನಿ ಬರುವವರೆಗೆ ಜೂನ್, ಜುಲೈ ಖಾಲಿ ಕಾಲಂ.

ಹೋದ ವಾರ ಹಾಲು ತರಲು ಹೋದವನು ಅಂಗಡಿಯ ಕಟ್ಟೆಯ ಹತ್ತಿರ ನಿಂತೆ. ಅವರಪ್ಪ ಸೇವಂತಿಗೆ ತೂಗುವುದನ್ನು ನಿಲ್ಲಿಸಿ ಗಿರಾಕಿಯೊಬ್ಬರಿಗೆ ಮೊಬೈಲ್ ತೋರಿಸುತ್ತಿದ್ದರು. ಪೂರ್ತಿ ಬಿಳಿ ಚಿತ್ರ. ಮೂಲೆಯಲ್ಲಿ ಒಂದು ಕಡ್ಡಿ, ಕಡ್ಡಿಗೆ ಕಟ್ಟಿದ ನೀಲಿ ದಾರ.

‘ಏನ್ರಿ ಇದು, ಏನೂ ಕಾಣಂಗಿಲ್ಲ,’ ಅಂದ ಗಿರಾಕಿ.

‘ಕಡ್ಡಿ ಕಾಣ್ತದಲ್ಲ? ಅದರ ಕೆಳಗೆ. ನನ್ನ ಮಗಳ ತೋಟ.’